ಖಾತೆಯನ್ನು ಬಾಡಿಗೆಗೆ ಕೊಡುವ ವಿದ್ಯಾರ್ಥಿಗಳಿಗೆ ತಿಳಿಹೇಳುವುದು ಹೇಗೆ?

ಪ್ರಶ್ನೆ: ವಾಣಿಜ್ಯ ಉಪನ್ಯಾಸಕಿ, ಚಿತ್ರದುರ್ಗ ಜಿಲ್ಲೆ

ನಾನು ತಾಲ್ಲೂಕು ಕೇಂದ್ರವೊಂದರ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಕಾಂ. ತರಗತಿಗಳಿಗೆ ಪಾಠ ಮಾಡುತ್ತೇನೆ. ವಿದ್ಯಾರ್ಥಿವೇತನದ ಅರ್ಜಿಗಳನ್ನು ನೋಡಿಕೊಳ್ಳುವ ಹೊಣೆಯೂ ನನ್ನದೇ. ಕಳೆದ ತಿಂಗಳು ಎರಡನೆಯ ವರ್ಷದ ಹುಡುಗನೊಬ್ಬ, ವಿದ್ಯಾರ್ಥಿವೇತನ ಜಮೆಯಾಗಿದ್ದರೂ ತೆಗೆಯಲು ಬರುತ್ತಿಲ್ಲವೆಂದು ಪಾಸ್‌ಬುಕ್ ಹಿಡಿದು ಬಂದ. ಆಧಾರ್ ಜೋಡಣೆಯ ತೊಡಕಿರಬೇಕೆಂದುಕೊಂಡು ಪುಟ ತಿರುವಿದೆ. ಇನ್ನೂರು ಮುನ್ನೂರು ರೂಪಾಯಿಗಳಷ್ಟೇ ಬಂದು ಹೋಗುತ್ತಿದ್ದ ಆ ಖಾತೆಗೆ ಒಂದೇ ದಿನದಲ್ಲಿ 49,000, 50,000, 98,500 ಎಂದು ಸಾಲಾಗಿ ಜಮೆಯಾಗಿ, ಅದೇ ದಿನಾಂಕದಲ್ಲಿ ಅಷ್ಟೂ ಹಣ ಹೊರಗೆ ಹೋಗಿತ್ತು. ವಿಚಾರಿಸಿದಾಗ, ಹಾಸ್ಟೆಲಿನ ಹಿರಿಯ ವಿದ್ಯಾರ್ಥಿಯೊಬ್ಬನಿಗೆ ಎಟಿಎಂ ಕಾರ್ಡನ್ನೂ ಖಾತೆಗೆ ಜೋಡಿಸಿದ್ದ ಸಿಮ್ಮನ್ನೂ ಕೊಟ್ಟು, ಪ್ರತಿಯಾಗಿ 4,000 ರೂಪಾಯಿ ಪಡೆದಿದ್ದೇನೆಂದು ಒಪ್ಪಿಕೊಂಡ.

ನನ್ನನ್ನು ಇಂದಿಗೂ ಕಾಡುತ್ತಿರುವುದು ಅವನಾಡಿದ ಮಾತು. "ನಾನೇನೂ ಕದ್ದಿಲ್ಲ ಮೇಡಂ, ಖಾತೆ ಸುಮ್ಮನೆ ಬಿದ್ದಿತ್ತು, ಕೊಟ್ಟೆ" ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಬಳಸದ ಸೈಕಲ್ಲನ್ನು ಗೆಳೆಯನಿಗೆ ಕೊಟ್ಟಷ್ಟೇ ಸಹಜವಾಗಿ ಅವನು ಖಾತೆಯನ್ನು ಕೊಟ್ಟಿದ್ದ. ಒಟಿಪಿ ಹೇಳಬೇಡಿ, ಗುರುತಿಲ್ಲದ ಕೊಂಡಿಯನ್ನು ಒತ್ತಬೇಡಿ ಎಂದು ನಾವು ಪ್ರತಿ ವರ್ಷ ಏರ್ಪಡಿಸುವ ಸೈಬರ್ ಜಾಗೃತಿ ಕಾರ್ಯಕ್ರಮದಲ್ಲಿ ಅವನೂ ಮುಂದಿನ ಸಾಲಿನಲ್ಲೇ ಕುಳಿತಿದ್ದ. ಆದರೆ ಅಲ್ಲಿ ನಾವು ಕಲಿಸಿದ್ದು ಹಣ ಕಳೆದುಕೊಳ್ಳದಿರುವುದನ್ನು ಮಾತ್ರ. ಬೇರೆಯವರು ಕಳೆದುಕೊಂಡ ಹಣಕ್ಕೆ ದಾರಿಯಾಗದಿರುವುದನ್ನು ನಾವು ಕಲಿಸಿಯೇ ಇರಲಿಲ್ಲ.

ಈಗ ಈ ಹುಡುಗ ಏನು ಮಾಡಬೇಕು? ಉಳಿದವರಿಗೆ ಇದು ಅಪರಾಧವೆಂದು ಮನಗಾಣಿಸುವುದು ಹೇಗೆ? ಇಂಥವರನ್ನು ಅಮಾನತಿನಲ್ಲಿಟ್ಟು ಸೂಚನಾ ಫಲಕದಲ್ಲಿ ಹೆಸರು ಹಾಕಿದರೆ ಉಳಿದವರು ಹೆದರುತ್ತಾರೆಂಬುದು ಪ್ರಾಂಶುಪಾಲರ ಅಭಿಪ್ರಾಯ. ಈ ವಿಷಯವನ್ನು ಹತ್ತಿರದಿಂದ ಬಲ್ಲವರು ದಯವಿಟ್ಟು ಬರೆಯಬೇಕು.

ಉತ್ತರ 1: ನಿವೃತ್ತ ಬ್ಯಾಂಕ್ ಅಧಿಕಾರಿ, ಶಿವಮೊಗ್ಗ

ಮೇಡಂ, ಮೊದಲಿಗೆ ಆ ಹಣದ ಓಟವನ್ನು ವಿವರಿಸುತ್ತೇನೆ, ಏಕೆಂದರೆ ಮಕ್ಕಳಿಗೆ ಅದೇ ಗೊತ್ತಿರುವುದಿಲ್ಲ. ಬೇರೊಂದು ರಾಜ್ಯದಲ್ಲಿ ನಿವೃತ್ತರೊಬ್ಬರಿಗೆ ಪೊಲೀಸರ ಹೆಸರಿನಲ್ಲಿ ವಿಡಿಯೊ ಕರೆ ಮಾಡಿ, 'ಡಿಜಿಟಲ್ ಅರೆಸ್ಟ್' ಎಂದು ಹೆದರಿಸಿ ಎಂಟು ಲಕ್ಷ ರೂಪಾಯಿ ಹಾಕಿಸಿಕೊಂಡರೆನ್ನಿ. ಅವರು ಎಚ್ಚೆತ್ತು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುವಷ್ಟರೊಳಗೆ ಆ ಹಣ ಮೊದಲ ಖಾತೆಯಿಂದ ನಾಲ್ಕೈದು ಖಾತೆಗಳಿಗೆ, ಅಲ್ಲಿಂದ ಇನ್ನಷ್ಟು ಖಾತೆಗಳಿಗೆ ಚದುರಿ, ಕೊನೆಗೆ ಎಟಿಎಂ ನಗದಾಗಿಯೋ ಕ್ರಿಪ್ಟೊ ಆಗಿಯೋ ಕಣ್ಮರೆಯಾಗಬೇಕು. ಈ ಒಂದೊಂದು ಮಜಲನ್ನು ನಾವೂ ಪೊಲೀಸರೂ ಲೇಯರ್ ಎನ್ನುತ್ತೇವೆ. ವಂಚಕನು ತನ್ನ ಹೆಸರಿನಲ್ಲಿ ಖಾತೆ ತೆರೆದರೆ ಮೊದಲ ದಿನವೇ ಸಿಕ್ಕಿಬೀಳುತ್ತಾನೆ. ಆದುದರಿಂದ ಅವನಿಗೆ ನಿಜವಾದ ಆಧಾರ್, ನಿಜವಾದ ಮುಖ, ಯಾವ ಕಪ್ಪುಚುಕ್ಕೆಯೂ ಇಲ್ಲದ ಹೆಸರು ಬೇಕು. ಹತ್ತೊಂಬತ್ತು ವರ್ಷದ ವಿದ್ಯಾರ್ಥಿಗಿಂತ ಅಂಥ ಹೆಸರು ಇನ್ನಾರಲ್ಲಿ ಸಿಗುತ್ತದೆ?

ನಾನೂ ಒಂದು ತಪ್ಪು ಮಾಡಿದ್ದೇನೆ, ಅದನ್ನಿಲ್ಲಿ ಹೇಳಿಯೇಬಿಡುತ್ತೇನೆ. ನಿವೃತ್ತಿಗೆ ಒಂದು ವರ್ಷ ಮೊದಲು ಹುಡುಗನೊಬ್ಬ ಉದ್ಯಮ ನೋಂದಣಿ ಪತ್ರ, ಬಾಡಿಗೆ ಕರಾರು, ರಬ್ಬರ್ ಮೊಹರು, ಹೊಸದಾಗಿ ಬರೆಸಿದ ಅಂಗಡಿ ಫಲಕದ ಫೋಟೊ ಎಲ್ಲವನ್ನೂ ಜೋಡಿಸಿಕೊಂಡು ಚಾಲ್ತಿ ಖಾತೆ ತೆರೆಯಲು ಬಂದ. ಉಳಿತಾಯ ಖಾತೆಗಿಂತ ಚಾಲ್ತಿ ಖಾತೆಯಲ್ಲಿ ದೊಡ್ಡ ಮೊತ್ತಗಳು ಓಡಾಡಿದರೂ ಬೇಗ ಯಾರ ಕಣ್ಣಿಗೂ ಬೀಳುವುದಿಲ್ಲವೆಂದು ಈ ಜಾಲದವರಿಗೆ ಅದರ ಮೇಲೆಯೇ ಆಸೆ ಹೆಚ್ಚು. "ಏನು ವ್ಯಾಪಾರ ಮಾಡ್ತೀಯಪ್ಪ?" ಎಂದು ಕೇಳಿದಾಗ ಅವನು ಜೇಬಿನಿಂದ ಫೋನ್ ತೆಗೆದು ತನ್ನ ಅಂಗಡಿಯ ಹೆಸರನ್ನು ಓದಿ ಹೇಳಿದ. ನನಗೆ ಒಂದು ಕ್ಷಣ ಇರುಸುಮುರುಸಾಯಿತು, ಆದರೆ ಕಾಗದಗಳೆಲ್ಲ ಸರಿಯಾಗಿದ್ದವು, ಹೊರಗೆ ಸರತಿ ಸಾಲು ಉದ್ದವಿತ್ತು, ಸಹಿ ಹಾಕಿದೆ. ಮೂರು ವಾರಗಳ ನಂತರ ಆ ಖಾತೆಯ ಮೇಲೆ ಎರಡು ರಾಜ್ಯಗಳ ಪೊಲೀಸರಿಂದ ಪತ್ರ ಬಂತು. ಹುಡುಗ ಓದುತ್ತಿದ್ದದ್ದು ಡಿಪ್ಲೊಮಾ. ಅಂಗಡಿಯ ಬಾಗಿಲನ್ನೂ ಅವನು ನೋಡಿರಲಿಲ್ಲ.

ನಿಮ್ಮ ವಿದ್ಯಾರ್ಥಿಯ ಖಾತೆಯಲ್ಲಿ ಆಗಿರುವುದೇನೆಂದು ಬ್ಯಾಂಕಿನಲ್ಲಿ ಸ್ಪಷ್ಟವಾಗಿ ಕೇಳಬೇಕು. ದೂರಿನಲ್ಲಿರುವ ಮೊತ್ತವನ್ನಷ್ಟೇ ತಡೆಹಿಡಿದಿದ್ದರೆ ಅದು ಲೀನ್; ಹಣ ಒಳಗೆ ಬರಬಹುದು, ಹೊರಗೆ ಹೋಗಬಾರದು ಎಂದಿದ್ದರೆ ಅದು ಡೆಬಿಟ್ ಫ್ರೀಜ್. ವಿದ್ಯಾರ್ಥಿವೇತನ ಜಮೆಯಾಗಿಯೂ ಕೈಗೆ ಸಿಗದಿರುವುದನ್ನು ನೋಡಿದರೆ ಎರಡನೆಯದೇ ಇರಬೇಕೆನಿಸುತ್ತದೆ. ಸರ್ಕಾರದ ನೇರ ನಗದು ಹಣ ಆಧಾರ್ ಜೋಡಣೆಯಾದ ಖಾತೆಗೇ ಬರುವುದರಿಂದ, ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದು ಜೋಡಣೆಯನ್ನು ಅಲ್ಲಿಗೆ ಬದಲಾಯಿಸದಿದ್ದರೆ ಮುಂದಿನ ಕಂತೂ ಅಲ್ಲಿಗೇ ಹೋಗಿ ಸಿಲುಕುತ್ತದೆ. ಆದರೆ ಹೊಸ ಬ್ಯಾಂಕಿನವರು ಇವನ ಹೆಸರು ನೋಡಿ ಹಿಂಜರಿಯಲೂಬಹುದು. ಇಂಥ ಖಾತೆಗಳನ್ನು ಓಡಾಟದ ಲಕ್ಷಣದಿಂದಲೇ ಪತ್ತೆಹಚ್ಚಲು ರಿಸರ್ವ್ ಬ್ಯಾಂಕಿನ ಇನ್ನೊವೇಶನ್ ಹಬ್ 'ಮ್ಯೂಲ್‌ಹಂಟರ್' ಎಂಬ ಉಪಕರಣವನ್ನು ರೂಪಿಸಿದೆ. 2024ರ ಡಿಸೆಂಬರ್‌ನಲ್ಲಿ ಅದರ ಪ್ರಸ್ತಾಪ ರಿಸರ್ವ್ ಬ್ಯಾಂಕಿನ ಪ್ರಕಟಣೆಯಲ್ಲೇ ಬಂದಿತ್ತು. "ಒಂದೇ ದಿನ ತಾನೇ, ಯಾರಿಗೆ ಗೊತ್ತಾಗುತ್ತದೆ" ಎಂಬ ಭರವಸೆಗೆ ಇನ್ನು ಜಾಗವಿಲ್ಲ.

ಉತ್ತರ 2: ವಕೀಲ, ಧಾರವಾಡ

ಉಪನ್ಯಾಸಕಿಯವರ ಮೊದಲ ಪ್ರಶ್ನೆಗೆ ಉತ್ತರಿಸುತ್ತೇನೆ. ಕಾರ್ಡ್ ಮತ್ತು ಸಿಮ್ ಇನ್ನೂ ಆ ಹಿರಿಯ ವಿದ್ಯಾರ್ಥಿಯ ಬಳಿಯೇ ಇದ್ದರೆ ಈ ದಿನವೇ ಬ್ಯಾಂಕಿಗೆ ತಿಳಿಸಿ ಕಾರ್ಡನ್ನು ನಿಲ್ಲಿಸಬೇಕು. ಸಿಮ್ಮನ್ನು ತನ್ನ ಗುರುತಿನ ಚೀಟಿ ತೋರಿಸಿ ಹೊಸದಾಗಿ ಪಡೆದರೆ ಹಳೆಯದು ತಾನಾಗಿ ಸತ್ತುಹೋಗುತ್ತದೆ. ಆಮೇಲೆ ಖಾತೆಯ ಮೇಲೆ ಬಂದಿರುವ ದೂರಿನ ಸಂಖ್ಯೆ, ಯಾವ ಠಾಣೆ, ಎಷ್ಟು ಮೊತ್ತ ಎಂಬುದನ್ನು ಬ್ಯಾಂಕಿನಿಂದ ಬರಹದಲ್ಲಿ ಪಡೆಯಬೇಕು. ವಾಟ್ಸ್‌ಆ್ಯಪ್, ಟೆಲಿಗ್ರಾಂ ಸಂಭಾಷಣೆಗಳನ್ನು ಯಾವ ಕಾರಣಕ್ಕೂ ಅಳಿಸಕೂಡದು. ಭಯದಿಂದ ಮಕ್ಕಳು ಮೊದಲು ಮಾಡುವ ಕೆಲಸವೇ ಅದು, ಆದರೆ ಖಾತೆ ಯಾರ ಕೈಗೆ ಹೇಗೆ ಹೋಯಿತೆಂದು ತೋರಿಸುವ ಏಕೈಕ ಆಧಾರ ಬಹಳ ಸಲ ಅದೇ ಆಗಿರುತ್ತದೆ. ಇಷ್ಟನ್ನು ಜೊತೆಗಿಟ್ಟುಕೊಂಡು ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಠಾಣೆಗೆ ಪೋಷಕರೊಂದಿಗೆ, ಸಾಧ್ಯವಾದರೆ ವಕೀಲರೊಂದಿಗೆ ಹೋಗಿ ನಡೆದದ್ದನ್ನು ಬರೆದುಕೊಡುವುದು, ನೋಟಿಸ್ ಬರಲೆಂದು ಕಾಯುವುದಕ್ಕಿಂತ ಸಾವಿರ ಪಾಲು ಮೇಲು.

ಇನ್ನು ಕಾನೂನು. ಭಾರತೀಯ ನ್ಯಾಯ ಸಂಹಿತೆಯ 318(4)ನೇ ಕಲಮಿನಡಿ ವಂಚನೆಗೆ ಏಳು ವರ್ಷದವರೆಗೆ ಶಿಕ್ಷೆಯಿದೆ. 317ನೇ ಕಲಮು ಕಳವಿನ ಮಾಲಿಗೆ ಸಂಬಂಧಿಸಿದ್ದು. ವಂಚನೆಯಿಂದ ಬಂದ ಸ್ವತ್ತೂ ಈಗ ಅದರ ವ್ಯಾಖ್ಯೆಯೊಳಗೆ ಸೇರಿರುವುದನ್ನು ಬಹುಮಂದಿ ಗಮನಿಸಿಲ್ಲ. ಕಂಪ್ಯೂಟರ್, ಫೋನ್ ಮೂಲಕ ಬೇರೊಬ್ಬರ ಸೋಗಿನಲ್ಲಿ ವಂಚಿಸುವುದಕ್ಕೆ ಸಂಬಂಧಿಸಿದ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮನ್ನೂ ಸಾಮಾನ್ಯವಾಗಿ ಸೇರಿಸುತ್ತಾರೆ. 2002ರ ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆ ಪ್ರತಿ ಪ್ರಕರಣಕ್ಕೂ ಬರುವುದಿಲ್ಲವಾದರೂ, ದೊಡ್ಡ ಜಾಲವೊಂದರ ಬೆನ್ನು ಹತ್ತಿದ ಜಾರಿ ನಿರ್ದೇಶನಾಲಯದ ತನಿಖೆಯಲ್ಲಿ ನಿಮ್ಮ ಹುಡುಗನ ಖಾತೆಯೂ ಒಂದು ಕೊಂಡಿಯಾಗಿದ್ದರೆ, ಮೂರರಿಂದ ಏಳು ವರ್ಷದವರೆಗಿನ ಕಠಿಣ ಸಜೆಯ ಆ ಕಾಯ್ದೆಯ ನೆರಳು ಅವನ ಮೇಲೂ ಬೀಳಬಹುದು. "ನನಗೆ ಗೊತ್ತಿರಲಿಲ್ಲ" ಎಂಬ ವಾದಕ್ಕೆ ನ್ಯಾಯಾಲಯದಲ್ಲಿ ಬೆಲೆಯಿಲ್ಲವೆಂದಲ್ಲ, ಅಪರಾಧಕ್ಕೆ ಅರಿವು ಬೇಕೇ ಬೇಕು. ಆದರೆ "ನಂಬಲು ಕಾರಣವಿತ್ತು" ಎಂಬ ಮಾತೂ ಕಾನೂನಿನಲ್ಲಿದೆ. ಸುಮ್ಮನೆ ಬಿದ್ದಿದ್ದ ಖಾತೆಗೆ ಒಬ್ಬ 4,000 ರೂಪಾಯಿ ಏಕೆ ಕೊಡುತ್ತಾನೆಂದು ನ್ಯಾಯಾಧೀಶರು ಕೇಳಿದರೆ ವಾಣಿಜ್ಯದ ವಿದ್ಯಾರ್ಥಿ ಏನು ಹೇಳಿಯಾನು?

ಹೊರರಾಜ್ಯದ ಠಾಣೆಯಿಂದ ನಾಗರಿಕ ಸುರಕ್ಷಾ ಸಂಹಿತೆಯ 35(3)ನೇ ಕಲಮಿನಡಿ ಹಾಜರಾಗಲು ನೋಟಿಸ್ ಬಂದರೆ ಕಡೆಗಣಿಸಬಾರದು. ಪರೀಕ್ಷೆಯೋ ದೂರವೋ ಅಡ್ಡಿಯಾದರೆ ಕಾರಣವನ್ನು ಬರಹದಲ್ಲಿ ತಿಳಿಸಿ ಸಮಯ ಕೇಳಬೇಕು. ಖಾತೆಯನ್ನು ಇಡಿಯಾಗಿ ಸ್ತಬ್ಧಗೊಳಿಸದೆ ಪೊಲೀಸರು ತಿಳಿಸಿದ ಮೊತ್ತಕ್ಕಷ್ಟೇ ತಡೆಯನ್ನು ಸೀಮಿತಗೊಳಿಸಬೇಕೆಂದು ಕೇರಳ ಹೈಕೋರ್ಟ್ 2023ರಲ್ಲಿ ಬ್ಯಾಂಕುಗಳಿಗೆ ಹೇಳಿದೆ. ಅದು ಕರ್ನಾಟಕದ ಆದೇಶವಲ್ಲದಿದ್ದರೂ, ವಿದ್ಯಾರ್ಥಿವೇತನದ ಮೊತ್ತವನ್ನು ಬಿಡಿಸಿಕೊಡಲು ಕೋರುವ ಮನವಿಯಲ್ಲಿ ಉಲ್ಲೇಖಿಸಬಹುದು. 'ಹದಿನೈದು ಸಾವಿರ ಕೊಡಿ, ಫ್ರೀಜ್ ತೆಗೆಸಿಕೊಡುತ್ತೇವೆ' ಎಂದು ಅಂತರ್ಜಾಲದಲ್ಲಿ ಕರೆಯುವವರ ಬಳಿ ಮಾತ್ರ ಸುಳಿಯಬೇಡಿ.

ಉತ್ತರ 3: ಪೋಷಕ, ತುಮಕೂರು

ಪ್ರಾಂಶುಪಾಲರು ಹೇಳುವುದರಲ್ಲಿ ತಪ್ಪೇನಿದೆ? ದಂಡನೆ ಇಲ್ಲದೆ ಇಂದಿನ ಮಕ್ಕಳು ಯಾವುದನ್ನೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಯಾರದೋ ಜೀವಮಾನದ ಉಳಿತಾಯ ಆ ಖಾತೆಯ ಮೂಲಕ ಹೋಗಿದೆ ಎಂಬುದನ್ನು ಈ ಚರ್ಚೆಯಲ್ಲಿ ಎಲ್ಲರೂ ಮರೆತಂತಿದೆ.

ಉತ್ತರ 4: ಹಳೆಯ ವಿದ್ಯಾರ್ಥಿ, ಈಗ ಬೆಂಗಳೂರು

ಮೇಲಿನ ಹಿರಿಯರ ಮಾತು ನ್ಯಾಯವಾದದ್ದೇ. ಆದರೂ ಹೆಸರನ್ನು ಫಲಕದಲ್ಲಿ ಹಾಕಿದರೆ ಏನಾಗುತ್ತದೆಂದು ನಾನು ಬಲ್ಲೆ, ಏಕೆಂದರೆ ಐದು ವರ್ಷದ ಹಿಂದೆ ನಾನೇ ಆ ಹುಡುಗನಾಗಿದ್ದೆ.

ನಾನು ಪಿಜಿಯೊಂದರಲ್ಲಿ ಮೂವರೊಂದಿಗೆ ಒಂದು ಕೋಣೆಯಲ್ಲಿದ್ದೆ. ಊಟಕ್ಕೆ ದುಡ್ಡಿಲ್ಲದ ತಿಂಗಳುಗಳಲ್ಲಿ ನನಗೆ ಕೈಗಡ ಕೊಡುತ್ತಿದ್ದ ಒಬ್ಬ ಅಣ್ಣ ಅಲ್ಲಿದ್ದ. ಅವನು ಮೊದಲು ಕೇಳಿದ್ದು ಖಾತೆಯನ್ನಲ್ಲ. "ನನ್ನ ಯುಪಿಐ ಮಿತಿ ಮುಗಿದಿದೆ, ನಿನ್ನ ನಂಬರಿಗೆ ಹತ್ತು ಸಾವಿರ ಹಾಕಿಸ್ತೀನಿ, ಎಟಿಎಂನಲ್ಲಿ ತೆಗೆದುಕೊಡು" ಎಂದ. ತೆಗೆದುಕೊಟ್ಟೆ. ಅವನು ಅದರಲ್ಲಿ ಐನೂರರ ಒಂದು ನೋಟನ್ನು ನನ್ನ ಅಂಗಿಯ ಜೇಬಿಗೆ ತುರುಕಿದ. ಎರಡನೆಯ ಸಲ ಇಪ್ಪತ್ತು ಸಾವಿರ. ಮೂರನೆಯ ಸಲ "ಪದೇ ಪದೇ ನಿನಗೇಕೆ ತೊಂದರೆ, ಕಾರ್ಡು ನನ್ನ ಹತ್ತಿರವೇ ಇರಲಿ" ಎಂದ. ಆ ಮಾತು ನನಗೆ ಉಪಕಾರದಂತೆ ಕೇಳಿಸಿತು. ಒಂದೇ ಸಲಕ್ಕೆ ಖಾತೆ ಕೇಳಿದ್ದರೆ ಬಹುಶಃ ನಾನೂ ಯೋಚಿಸುತ್ತಿದ್ದೆ. ಅವನೇನೂ ದೊಡ್ಡ ವಂಚಕನಲ್ಲ. ಅವನೂ ಯಾರಿಗೋ ಖಾತೆಗೆ ಇಷ್ಟೆಂಬ ಕಮಿಷನ್ನಿಗೆ ಕೆಲಸ ಮಾಡುತ್ತಿದ್ದ, ಅವನ ಸ್ವಂತ ಖಾತೆ ನನ್ನದಕ್ಕಿಂತ ಮೊದಲೇ ಸ್ತಬ್ಧವಾಗಿತ್ತು. ಆದುದರಿಂದಲೇ ಅವನಿಗೆ ನನ್ನದು ಬೇಕಾಗಿತ್ತು.

ತಪ್ಪಾಗಿದೆ ಎಂದು ನನಗೆ ಗೊತ್ತಾದದ್ದು ಫೋನಿಗೆ ಬಂದ ಒಂದು ಸಂದೇಶದಿಂದ. ಆಗಲೇ ಯಾರಿಗಾದರೂ ಹೇಳಿದ್ದರೆ ಎರಡನೆಯ ದಿನ ಬಂದ ಹಣವಾದರೂ ಉಳಿಯುತ್ತಿತ್ತು. ಹೇಳಲಿಲ್ಲ. ನಮ್ಮ ಕಾಲೇಜಿನಲ್ಲಿ ಆ ವರ್ಷವೇ ಬೇರೊಂದು ಕಾರಣಕ್ಕೆ ಇಬ್ಬರ ಹೆಸರನ್ನು ಫಲಕಕ್ಕೆ ಹಾಕಿದ್ದರು, ಅವರಲ್ಲೊಬ್ಬ ಓದು ಬಿಟ್ಟು ಊರಿಗೆ ಹೋಗಿದ್ದ. ನಾನು ಹನ್ನೊಂದು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಆ ಹನ್ನೊಂದು ದಿನಗಳಲ್ಲಿ ನನ್ನ ಹೆಸರಿನಲ್ಲಿ ಇನ್ನೂ ಮೂವರು ಹಣ ಕಳೆದುಕೊಂಡರೆಂದು ಠಾಣೆಯಲ್ಲಿ ಓದಿ ಹೇಳಿದಾಗ ತಿಳಿಯಿತು. ಅವರಲ್ಲಿ ಒಬ್ಬರು ಅಂಗನವಾಡಿ ಕಾರ್ಯಕರ್ತೆ. ಪೋಷಕರೇ, ಜೀವಮಾನದ ಉಳಿತಾಯ ಎಂಬ ನಿಮ್ಮ ಮಾತನ್ನು ನಾನು ಮರೆತಿಲ್ಲ. ಅದನ್ನು ಉಳಿಸಬೇಕಾದರೆ ಹುಡುಗ ಹನ್ನೊಂದನೆಯ ದಿನವಲ್ಲ, ಮೊದಲನೆಯ ದಿನವೇ ಬಾಯಿ ಬಿಡಬೇಕು.

ಮೇಡಂ, ಕಾರ್ಯಕ್ರಮಗಳಲ್ಲಿ ಮುಸುಕು ಹಾಕಿದ ಹ್ಯಾಕರ್ ಚಿತ್ರ ತೋರಿಸುವುದನ್ನು ದಯವಿಟ್ಟು ಬಿಡಿ. ಕೇಳುವವನು ಪಕ್ಕದ ಹಾಸಿಗೆಯಲ್ಲಿ ಮಲಗುವವನಾಗಿರುತ್ತಾನೆ.

ಉತ್ತರ 5: ಕನ್ನಡಿಗ, ಇಂಗ್ಲೆಂಡಿನ ಲೆಸ್ಟರ್

ಇಲ್ಲಿಗೆ ಓದಲು ಬರುವ ನಮ್ಮವರಿಗೂ ಇದು ಅನ್ವಯಿಸುವುದರಿಂದ ಎರಡು ಮಾತು. ಇಲ್ಲಿ ಗಾಳ ಬೀಳುವುದು ಹೆಚ್ಚಾಗಿ ಎರಡು ಹೊತ್ತಿನಲ್ಲಿ: ಬಂದ ಹೊಸದರಲ್ಲಿ, ಅರೆಕಾಲಿಕ ಕೆಲಸ ಸಿಗದೆ ಬಾಡಿಗೆ ಕಟ್ಟಲು ಪರದಾಡುವಾಗ, ಮತ್ತು ಕೋರ್ಸ್ ಮುಗಿದು ಊರಿಗೆ ಹೊರಟಾಗ. ಎರಡನೆಯದು ಹೆಚ್ಚು ಅಪಾಯಕಾರಿ. "ಹೇಗೂ ಹೋಗ್ತಿದ್ದೀಯ, ಖಾತೆ ಮುಚ್ಚುವ ಬದಲು ನಮಗೆ ಕೊಡು" ಎನ್ನುವವರಿರುತ್ತಾರೆ, ನೂರಿನ್ನೂರು ಪೌಂಡ್ ಕೈಗಿಡುತ್ತಾರೆ. ಹಣ ಅಕ್ರಮ ವರ್ಗಾವಣೆಗೆ ಇಲ್ಲಿನ ಕಾನೂನಿನಲ್ಲಿ ಗರಿಷ್ಠ ಶಿಕ್ಷೆ 14 ವರ್ಷ. ಜೈಲಿನವರೆಗೆ ಹೋಗದಿದ್ದರೂ ಸಿಫಾಸ್ ಎಂಬ ವಂಚನೆ ತಡೆ ಸಂಸ್ಥೆಯ ದಾಖಲೆಯಲ್ಲಿ ಆರು ವರ್ಷ ಹೆಸರು ಉಳಿಯಬಹುದು. ಆ ಅವಧಿಯಲ್ಲಿ ಬ್ಯಾಂಕ್ ಖಾತೆ, ಸಾಲ, ಕಡೆಗೆ ಮೊಬೈಲ್ ಕರಾರು ಸಿಗುವುದೂ ಕಷ್ಟ. ಮುಂದೆ ಇಲ್ಲಿಗೆ ಕೆಲಸಕ್ಕೆ ಮರಳಬೇಕೆಂಬ ಆಸೆಯಿರುವವರು ವಿಮಾನ ಹತ್ತುವ ಮೊದಲು ಖಾತೆ ಮುಚ್ಚಿಸಿ, ಮುಚ್ಚಿದ್ದಕ್ಕೆ ಬ್ಯಾಂಕಿನಿಂದ ಪತ್ರ ಪಡೆದಿಟ್ಟುಕೊಳ್ಳಬೇಕು.

ಊರಿನಲ್ಲಿರುವವರಿಗೂ ಇದೇ ಮಾತು. ಪಿಯುಸಿಯಲ್ಲಿ ವಿದ್ಯಾರ್ಥಿವೇತನಕ್ಕೆಂದು ತೆರೆದು ಮರೆತ ಖಾತೆ ಈಗ ಬೇಡವಾಗಿದ್ದರೆ ಮುಚ್ಚಿಸುವುದೇ ಸರಿ.

ಉತ್ತರ 6: ಪ್ರಶ್ನೆ ಕೇಳಿದ ಉಪನ್ಯಾಸಕಿ

ಬರೆದ ಎಲ್ಲರಿಗೂ ಕೃತಜ್ಞಳು. ಹಳೆಯ ವಿದ್ಯಾರ್ಥಿಯ ಬರಹವನ್ನು, ಗುರುತು ಸಿಗುವ ವಿವರಗಳಿಲ್ಲದೆ, ಮುದ್ರಿಸಿಕೊಂಡು ಹೋಗಿ ಪ್ರಾಂಶುಪಾಲರ ಮುಂದಿಟ್ಟೆ. ಅವರು ಎರಡು ಸಲ ಓದಿ, ಫಲಕದ ವಿಚಾರವನ್ನು ಮತ್ತೆ ಎತ್ತಲಿಲ್ಲ. ಅಮಾನತಿನ ಬಗ್ಗೆ ಇನ್ನೂ ತೀರ್ಮಾನವಾಗಿಲ್ಲ, ಆದರೆ ಖಾತೆ ಸಂಗ್ರಹಿಸುತ್ತಿದ್ದ ಹಿರಿಯ ವಿದ್ಯಾರ್ಥಿಯನ್ನೂ ಖಾತೆ ಕೊಟ್ಟವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲವೆಂದು ಒಪ್ಪಿದ್ದಾರೆ.

ಹುಡುಗನ ತಂದೆ ಹಮಾಲಿ ಕೆಲಸ ಮಾಡುವವರು. ಅವರಿಗೆ ವಿಷಯ ತಿಳಿಸುವುದೇ ನನಗೆ ಎಲ್ಲಕ್ಕಿಂತ ಕಷ್ಟವಾಗಿತ್ತು. ಲೇಯರ್, ಲೀನ್ ಎಂದೆಲ್ಲ ವಿವರಿಸಲು ಹೊರಟವಳು, ಅವರ ಮುಖ ನೋಡಿ ನಿಲ್ಲಿಸಿ, "ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಕೊಟ್ಟಿದ್ದಾನೆ" ಎಂದೆ. ತಟ್ಟನೆ ಅರ್ಥವಾಯಿತು ಅವರಿಗೆ. ಅವರ ತಂದೆ ಹಾಗೆ ಒತ್ತಿಯೇ ಎರಡು ಎಕರೆ ಕಳೆದುಕೊಂಡವರಂತೆ. ಮಗ ಅಲ್ಲಿಯವರೆಗೆ ತಲೆ ತಗ್ಗಿಸಿರಲಿಲ್ಲ, ಆಗ ತಗ್ಗಿಸಿದ. ತರಗತಿಯಲ್ಲೂ ಈಗ ಆ ಮಾತನ್ನೇ ಬಳಸುತ್ತಿದ್ದೇನೆ. ಕಾರ್ಡು, ಸಿಮ್ಮು, ಪಿನ್ನು ಮೂರೂ ಸೇರಿದರೆ ಅದು ಹೆಬ್ಬೆಟ್ಟು ಎಂದು ಹೇಳಿದರೆ ಕಲಮುಗಳ ಪಟ್ಟಿ ಓದಿದಾಗಿನ ಆಕಳಿಕೆ ಕಾಣುವುದಿಲ್ಲ. ಕಳೆದ ಬುಧವಾರ ನಾವು ಮೂವರೂ ಸಿಇಎನ್ ಠಾಣೆಗೆ ಹೋಗಿ ಹೇಳಿಕೆ ಕೊಟ್ಟು ಬಂದೆವು. ಬ್ಯಾಂಕಿನವರು ದೂರಿನ ವಿವರವನ್ನು ಮಿಂಚಂಚೆಯಲ್ಲಿ ಕಳಿಸಿದ್ದಾರೆ, ಅದು ಹೊರರಾಜ್ಯದ್ದು.

ಇನ್ನೊಂದು ಸಂಗತಿ. ಈ ಸಲ ವಿದ್ಯಾರ್ಥಿವೇತನದ ಅರ್ಜಿಗೆ ಪಾಸ್‌ಬುಕ್ ನಕಲು ಪಡೆಯುವಾಗ, ಸಾಲಿನಲ್ಲಿ ನಿಂತ ಒಬ್ಬೊಬ್ಬರನ್ನೂ ಮೆಲ್ಲಗೆ ಒಂದೇ ಪ್ರಶ್ನೆ ಕೇಳಿದೆ: "ಈ ಖಾತೆಯ ಕಾರ್ಡು ಈಗ ಎಲ್ಲಿದೆ?" ಬಹುತೇಕರು ಜೇಬು, ಪರ್ಸು ಮುಟ್ಟಿ ತೋರಿಸಿದರು, ಕೆಲವರು ಮನೆಯಲ್ಲಿ ಅಮ್ಮನ ಬಳಿ ಎಂದರು. ಮೂವರು ಉತ್ತರ ಹೇಳದೆ ಮುಂದೆ ಸರಿದು, ಸಂಜೆ ಎಲ್ಲರೂ ಹೋದ ಮೇಲೆ ವಿಭಾಗದ ಬಾಗಿಲಿಗೆ ಬಂದು ನಿಂತರು. ಅವರಲ್ಲಿ ಒಬ್ಬಳ ಕಾರ್ಡ್ ಕೊರಿಯರ್‌ನಲ್ಲಿ ಹೊರಟು ಎರಡು ದಿನವಷ್ಟೇ ಆಗಿತ್ತು, ಖಾತೆಯಲ್ಲಿ ಇನ್ನೂ 312 ರೂಪಾಯಿ ಹಾಗೆಯೇ ಇತ್ತು. ನನ್ನ ಮೇಜಿನ ಮೇಲಿನ ಫೋನಿನಿಂದಲೇ ಬ್ಯಾಂಕಿಗೆ ಕರೆ ಮಾಡಿ ಕಾರ್ಡನ್ನು ನಿಲ್ಲಿಸಿದೆವು.